ಮಾಮಿಯನ್ನು ಹೆದರಿಸಿದ ಸಿನಿಮಾ

ದೆವ್ವದ ಸಿನಿಮಾ ಯಾವುದು ಎಷ್ಟು ಹೆದರಿಸುತ್ತದೆ ಎಂದು ಅಳೆಯಲು ನಮ್ಮಲ್ಲಿ ಒಂದು ಅಳತೆ ಇತ್ತು. ಅದು ಬೀಡಿ.

ಕಟ್ಟಿದವರಿಗೆ ಇದು ಗೊತ್ತು. ಬೀಡಿ ಸುತ್ತುವ ಕೈ ಕಿವಿಯ ಮಾತು ಕೇಳುತ್ತದೆ. ಪ್ರೀತಿಯ ಕತೆ ಕೇಳುತ್ತಾ ಸುತ್ತಿದ ಬೀಡಿ ಸಡಿಲ. ಅಲ್ಲಾಡಿಸಿದರೆ ಹೊಗೆಸೊಪ್ಪಿನ ಪುಡಿ ಉದುರುತ್ತದೆ. ಅಳುವ ಕತೆಗೆ ಕೆಲಸವೇ ಸಾಗುವುದಿಲ್ಲ, ಒಂದು ಕೈ ಸೆರಗಿನಲ್ಲಿಯೇ ಇರುತ್ತದೆ. ಹೆದರಿಕೆಯ ಕತೆಯಾದರೆ ಬೆರಳು ತಾನಾಗಿ ಬಿಗಿಯುತ್ತದೆ. ಹದವಾಗಿ ಹೆದರಿದರೆ ಬೀಡಿ ಚಂದ. ಹದ ಮೀರಿತೋ, ಮೊಳೆಯ ಹಾಗೆ ಗಟ್ಟಿ. ಎಳೆದವನ ಕೆನ್ನೆ ಒಳಗೆ ಹೋಗುತ್ತದೆಯೇ ಹೊರತು ಹೊಗೆ ಬರುವುದಿಲ್ಲ. ನಾವು ಬೀಡಿ ಕೊಡುತ್ತಿದ್ದ ಕಂಪನಿಯ ಬ್ರಾಂಚಿನಲ್ಲಿ ಒಬ್ಬ ಚೆಕ್ಕರ್ ಕೂತಿರುತ್ತಿದ್ದ. ಸಡಿಲಾದದ್ದನ್ನೂ ಗಟ್ಟಿಯಾದದ್ದನ್ನೂ ಮುರಿದು ಬುಟ್ಟಿಗೆ ಹಾಕುವುದು ಅವನ ಕೆಲಸ. ನಾನು ನೋಡಿದ ಸಿನಿಮಾಗಳ ಯೋಗ್ಯತೆ ಗೊತ್ತಾಗುತ್ತಿದ್ದದ್ದು ಆ ಬುಟ್ಟಿಯಲ್ಲಿ.

ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮೈಸೂರಿಗೆ ಸೇರಿಸಿದರಲ್ಲ, ಅದರ ನಂತರದ ಕೆಲವು ವರ್ಷಗಳ ಮಾತು ಇದು. ನಾನು ಮದುವೆಯಾಗಿ ಪಡೀಲಿಗೆ ಬಂದು ಹೆಚ್ಚು ಸಮಯ ಆಗಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ನೆರೆಕರೆಯ ಹೆಂಗಸರು ಮಡಿಲಲ್ಲಿ ಎಲೆ, ಪುಡಿಯ ಗೆರಸೆ ಇಟ್ಟುಕೊಂಡು ನಮ್ಮ ಜಗಲಿಯಲ್ಲಿ ಸಾಲಾಗಿ ಕೂರುತ್ತಿದ್ದರು. ಎಲ್ಲರಿಗೂ ಸಿನಿಮಾ ಬೇಕು. ಎಲ್ಲರೂ ಹೋಗಲು ಆಗುವುದಿಲ್ಲ. ಅದಕ್ಕೆ ಒಂದು ಕ್ರಮ ಮಾಡಿಕೊಂಡಿದ್ದೆವು. ಭಾನುವಾರದ ಮ್ಯಾಟಿನಿಗೆ ಒಬ್ಬಳನ್ನು ಕಳುಹಿಸುವುದು. ಅವಳ ಪಾಲಿನ ಬೀಡಿಯನ್ನು ಉಳಿದವರು ಕಟ್ಟುವುದು. ಸೋಮವಾರ ಮಧ್ಯಾಹ್ನ ಅವಳು ಬಂದು ಇಡೀ ಸಿನಿಮಾ ಹೇಳುವುದು, ಹಾಡಿನ ಸಮೇತ, ಬಾಗಿಲು ಕಿರುಗುಟ್ಟುವ ಸದ್ದಿನ ಸಮೇತ.

ಕಳುಹಿಸುತ್ತಿದ್ದದ್ದು ನನ್ನನ್ನು. ನನಗೆ ಹಿಂದಿ ಬರುತ್ತಿರಲಿಲ್ಲ, ಇಂಗ್ಲಿಷಂತೂ ಇಲ್ಲವೇ ಇಲ್ಲ. ಬಾಯಿ ಮಾತ್ರ ದೊಡ್ಡದಿತ್ತು. ಅಷ್ಟೇ ಬೇಕಿದ್ದದ್ದು.

ಆ ಭಾನುವಾರಕ್ಕಾಗಿ ನಾನು ಬದುಕುತ್ತಿದ್ದೆ ಎಂದರೆ ಸುಳ್ಳಲ್ಲ. ಆರು ದಿನ ಒಲೆ, ಬಾವಿಕಟ್ಟೆ, ಗೆರಸೆ. ಏಳನೆಯ ದಿನ ಹಂಪನಕಟ್ಟೆಯ ತನಕ ನನ್ನದೇ ಕಾಲಲ್ಲಿ ನಡೆದು, ಲೇಡೀಸ್ ಬೆಂಚಿನಲ್ಲಿ ಒಂದು ಪೊಟ್ಟಣ ನೆಲಗಡಲೆ ಹಿಡಿದು ಕೂರುವುದು. ಯಾರೂ ಕರೆಯುವುದಿಲ್ಲ, ಯಾರಿಗೂ ನೀರು ಕೊಡಬೇಕಾಗಿಲ್ಲ. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಆದರೆ ಕಳುಹಿಸುವುದೋ ಬಿಡುವುದೋ ಎಂದು ಹೇಳಬೇಕಾದವರು ನನ್ನ ಗಂಡನ ತಾಯಿ. ನಮ್ಮಲ್ಲಿ ಅತ್ತೆಗೆ ಮಾಮಿ ಎನ್ನುತ್ತೇವೆ. ಮಾಮಿಯ ಬೀಡಿ ಎಂದರೆ ಅಚ್ಚಿನಲ್ಲಿ ಹೊಯ್ದ ಹಾಗೆ. ಸೊಸೆ ಬಂದ ದಿನವೂ ಹಾಗೆಯೇ, ಗಂಡ ಸತ್ತ ವರ್ಷವೂ ಹಾಗೆಯೇ. ಚೆಕ್ಕರ್ ಮಾಮಿಯ ಕಟ್ಟನ್ನು ಬಿಚ್ಚಿ ಸಹ ನೋಡುತ್ತಿರಲಿಲ್ಲ. ಇಂಥವರ ಎದುರು ಕೂತು ದೆವ್ವದ ಕತೆ ಹೇಳಬೇಕಿತ್ತು ನಾನು.

ಮೊದಲು ಹೇಳಿದ್ದು ಒಂದು ಹಿಂದಿ ಸಿನಿಮಾ. ಹಾಳು ಬಂಗಲೆ, ಮಂಜು, ಬಿಳಿ ಸೀರೆಯ ಹುಡುಗಿ. ಬತ್ತಿದ ಬಾವಿಯ ಕಟ್ಟೆಯ ಮೇಲೆ ಕೂತು ಹಾಡುತ್ತಾಳೆ. ಊರಿಗೆ ಹೊಸದಾಗಿ ಬಂದ ಫಾರೆಸ್ಟ್ ಆಫೀಸರ್ ಆ ಹಾಡಿನ ಹಿಂದೆ ಹೋಗುತ್ತಾನೆ. ಟಾಕೀಸಿನಲ್ಲಿ ನನ್ನ ಪಕ್ಕದವಳು ಬೆಂಚಿನ ಮೇಲೆ ಕಾಲೆತ್ತಿ ಕೂತಿದ್ದಳು, ಕೆಳಗಿನಿಂದ ಯಾರಾದರೂ ಹಿಡಿದಾರು ಎಂದು. ನಾನು ಜಗಲಿಯಲ್ಲಿ ಆ ಹಾಡನ್ನು ಮೂಗಿನಲ್ಲಿಯೇ ಹೇಳಿದೆ. ಹೆಂಗಸರ ಬೆರಳು ಬಿಗಿಯತೊಡಗಿತು. ಮಾಮಿ ಎಲೆಗೆ ಪುಡಿ ತುಂಬುತ್ತಾ ಕೇಳಿದರು:

"ಅವಳು ಯಾಕೆ ಹಾಡುವುದು?"

"ಸತ್ತಿದ್ದಾಳೆ ಮಾಮಿ."

"ಸತ್ತವರೆಲ್ಲ ಹಾಡಿದರೆ ಸುಡುಗಾಡಿನ ಹತ್ತಿರದವರಿಗೆ ನಿದ್ದೆ ಉಂಟಾ? ಅವಳಿಗೆ ಎಂತ ಬೇಕಂತೆ, ಅದು ಹೇಳು."

"ಮದುವೆಗೆ ಮೊದಲೇ ಸತ್ತದ್ದು. ಹಾಗೆ ತಿರುಗ್ತಾಳೆ."

"ಅಷ್ಟೇಯಾ!" ಮಾಮಿ ನೂಲು ಸುತ್ತಿ ಕಡಿದರು. "ಅವಳ ಮನೆಯವರು ಎಂತ ಮಾಡ್ತಾರೆ? ಒಂದು ಗಂಡು ಹುಡುಕಲಿಕ್ಕೆ ಆಗಲಿಲ್ಲವಾ?"

ಹೊರಗಿನವರಿಗೆ ಇದು ತಮಾಷೆ ಅನ್ನಿಸಬಹುದು. ನಮ್ಮಲ್ಲಿ ಹುಡುಗಿ ಮದುವೆಯಾಗದೆ ಸತ್ತರೆ, ಅಂಥದ್ದೇ ಸತ್ತ ಗಂಡನ್ನು ಹುಡುಕಿ ಮದುವೆ ಮಾಡುತ್ತಾರೆ. ಜಾತಿ, ಬಳಿ ಎನ್ನುವ ಕುಲ ಎಲ್ಲ ನೋಡಿ, ದಿಬ್ಬಣ ಹೋಗಿ, ಸೀರೆ ಇಟ್ಟು, ಊಟ ಹಾಕಿ. ಮದುವೆಯಾದ ಮೇಲೆ ಅವಳು ಗಂಡನ ಮನೆಯ ದೆವ್ವ. ತವರಿಗೆ ಉಪದ್ರ ಇಲ್ಲ. ಹಾಗಾಗಿ ಬಿಳಿ ಸೀರೆಯವಳು ಹಾಡಿದ ಕೂಡಲೇ ನಮ್ಮ ಜಗಲಿಯಲ್ಲಿ ಹೆದರಿಕೆ ಬಿಟ್ಟುಹೋಗಿ ಸಂಬಂಧದ ಮಾತು ಶುರುವಾಯಿತು. ಒಬ್ಬಳಿಗೆ ಬಂಟ್ವಾಳದ ಕಡೆ ಹಾವು ಕಚ್ಚಿ ಸತ್ತ ಒಳ್ಳೆಯ ಹುಡುಗ ಗೊತ್ತಿದ್ದ. ಇನ್ನೊಬ್ಬಳು, "ಆ ಮನೆ ಬೇಡ, ಆ ಅತ್ತೆ ಸರಿ ಇಲ್ಲ" ಎಂದಳು.

ನಮ್ಮ ಬೇಲಿಯ ಆಚೆ ಒಂದು ಬ್ಯಾರಿಗಳ ಮನೆ, ನಮ್ಮ ಕಡೆಯ ಮುಸ್ಲಿಮರು. ಆ ಮನೆಯ ಅಕ್ಕ ಟಾಕೀಸಿನ ಒಳಗೆ ಕಾಲಿಟ್ಟವರಲ್ಲ, ಆದರೆ ಅವರಷ್ಟು ಸಿನಿಮಾ ಗೊತ್ತಿದ್ದವರು ಪಡೀಲಿನಲ್ಲಿ ಇರಲಿಲ್ಲ. ಎಲ್ಲವೂ ನನ್ನ ಬಾಯಿಂದ. ಅವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದರು:

"ನಿಮ್ಮಲ್ಲಿ ಸತ್ತವರಿಗೂ ಗಂಡು ಸಿಗ್ತದೆ ಮಾರಾಯ್ತಿ. ನನ್ನ ನಾದಿನಿ ಬದುಕಿಯೇ ಇದ್ದಾಳೆ, ಅವಳಿಗೆ ಇನ್ನೂ ಸಿಗಲಿಲ್ಲ!"

ಆ ದಿನದ ಬೀಡಿ ನಗೆಯಲ್ಲಿ ಸಡಿಲಾಗಿ ಹೋಯಿತು. ಬುಟ್ಟಿ ತುಂಬಿತು. ಮಾಮಿ ಬ್ರಾಂಚಿನಿಂದ ಬಂದು ನನ್ನ ಮುಖ ನೋಡಲಿಲ್ಲ.

ಎರಡನೆಯದು ಇಂಗ್ಲಿಷ್. ಇದರಲ್ಲಿ ತಪ್ಪುವುದಿಲ್ಲ ಎಂದು ನನಗೆ ಧೈರ್ಯವಿತ್ತು. ಹಿಂದಿಯ ದೆವ್ವಕ್ಕೂ ಇಂಗ್ಲಿಷಿನ ದೆವ್ವಕ್ಕೂ ಬಹಳ ವ್ಯತ್ಯಾಸ ಉಂಟು. ಹಿಂದಿಯದು ದೂರದಿಂದಲೇ ಹಾಡಿ ತಾನು ಬರುತ್ತೇನೆ ಎಂದು ಹೇಳಿ ಬರುತ್ತದೆ, ಬಸ್ಸಿನ ಹಾರ್ನಿನ ಹಾಗೆ. ಇಂಗ್ಲಿಷಿನದಕ್ಕೆ ಹಾಡಿಲ್ಲ. ಸುಮ್ಮನೆ ಇರುತ್ತದೆ, ಸುಮ್ಮನೆ ಇರುತ್ತದೆ, ಕೊನೆಗೆ ಕುತ್ತಿಗೆಯ ಹತ್ತಿರ ಇರುತ್ತದೆ. ಇದರಲ್ಲಿ ಒಬ್ಬಳು ಸತ್ತ ದೊರೆಸಾನಿ. ಕಲ್ಲಿನ ಅರಮನೆ. ಹಗಲಿಡೀ ಮರದ ಪೆಟ್ಟಿಗೆಯಲ್ಲಿ ಮಲಗಿ, ಸಂಜೆ ಎದ್ದು ಕೆಲಸದ ಹುಡುಗಿಯರ ರಕ್ತ ಕುಡಿಯುತ್ತಾಳೆ. ಹುಡುಗಿಯರು ಒಬ್ಬೊಬ್ಬರಾಗಿ ಬಿಳಿಚಿಕೊಂಡು ಬೀಳುತ್ತಾರೆ. ನಾನು ಹಲ್ಲು ತೋರಿಸಿ, ಬೇಲಿಯ ಅಕ್ಕನ ಕುತ್ತಿಗೆಯ ತನಕ ಬಗ್ಗಿ ಹೇಳಿದೆ. "ಅಲ್ಲಾ!" ಎಂದು ಅವರ ಗೆರಸೆಯೇ ಮಗುಚಿತು. ಉಳಿದವರ ಬೀಡಿ ಮೊಳೆಯಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಮಾಮಿ ಒಂದು ಕಟ್ಟು ಮುಗಿಸಿ ಬದಿಗಿಟ್ಟರು.

"ಕೆಲಸದವರ ರಕ್ತ ಕುಡಿಯಲಿಕ್ಕೆ ಸಾಯಬೇಕಾ? ಬದುಕಿ ಇರುವಾಗಲೇ ಕುಡಿಯುತ್ತಾರಲ್ಲ!"

"ಮಾಮಿ, ಇದು ಹಾಗಲ್ಲ, ಇವಳಿಗೆ ಹಲ್ಲು ಉಂಟು."

"ಹಲ್ಲು ಇಲ್ಲದ ದೊರೆಸಾನಿಯನ್ನು ನೀನು ಎಲ್ಲಿ ನೋಡಿದ್ದು? ನಾನು ಸಣ್ಣದಿರುವಾಗ ದೊರೆಗಳ ಬಂಗಲೆಯಲ್ಲಿ ಪಾತ್ರೆ ತಿಕ್ಕಿದವಳು. ಮತ್ತೆ ಒಂದು ಕೇಳ್ತೇನೆ. ಅವಳಿಗೆ ವರ್ಷಕ್ಕೆ ಒಂದು ಸಲ ಒಂದು ಕೋಳಿ ಕೊಯ್ದು ಬಡಿಸಿದವರು ಉಂಟಾ?"

"ಇಲ್ಲ ಅಂತ ಕಾಣ್ತದೆ."

"ಮತ್ತೆ? ಹಸಿದವಳು ಎಂತ ಮಾಡ್ತಾಳೆ? ಆ ಬಿಳಿಯರಿಗೆ ಸತ್ತವರನ್ನು ನೋಡಿಕೊಳ್ಳುವ ಬುದ್ಧಿಯೇ ಇಲ್ಲ. ಪೆಟ್ಟಿಗೆಗೆ ಹಾಕಿ ಮೊಳೆ ಹೊಡೆದು ಬಿಡುವುದು!"

ಬೇಲಿಯ ಅಕ್ಕ ಚೆಲ್ಲಿದ ಪುಡಿ ಹೆಕ್ಕುತ್ತಾ, "ನಮ್ಮಲ್ಲಿ ಒಂದು ಬಿಸ್ಮಿ ಹೇಳಿ ಬಾಗಿಲು ಹಾಕಿದರೆ ಮುಗೀತು. ಆ ಹುಡುಗಿಯರು ಬಾಗಿಲು ತೆರೆದಿಟ್ಟು ಮಲಗಿದ್ದು ಯಾಕೆ?" ಎಂದರು. ಬಾಗಿಲು ಹಾಕಿ ಮಲಗಿದರೆ ಅರ್ಧ ಇಂಗ್ಲಿಷ್ ಸಿನಿಮಾಗಳು ಇಂಟರ್‌ವಲ್ಲಿಗೆ ಮೊದಲೇ ಮುಗಿದುಹೋಗುತ್ತವೆ.

ಆ ಸಲ ಎಲ್ಲರ ಬೀಡಿಯೂ ಗಟ್ಟಿಯಾಗಿ ಬುಟ್ಟಿಗೆ ಬಿತ್ತು, ಮಾಮಿಯದ್ದನ್ನು ಬಿಟ್ಟು. ಸಂಜೆ ಮಾಮಿ ನನ್ನನ್ನು ಕರೆದರು.

"ನೋಡು ಹೆಣ್ಣೇ. ನಗೆಯಾದರೂ ನಷ್ಟ, ಹೆದರಿಕೆಯಾದರೂ ನಷ್ಟ. ಇವರಿಗೆಲ್ಲ ನೀನು ಹಲ್ಲು ಕಿಸಿದರೂ ಹೆದರಿಕೆ ಆಗ್ತದೆ. ನನಗೆ ಹೆದರಿಕೆ ಆಗುವ ಸಿನಿಮಾ ಉಂಟಾದರೆ ಅದು ಸಿನಿಮಾ. ಇನ್ನೊಂದು ಸಲ ಹೋಗಿ ಬಾ. ನನಗೆ ಹೆದರಿಕೆಯಾದರೆ ಪ್ರತಿ ಭಾನುವಾರ ಹೋಗು, ನಿನ್ನ ಪಾಲು ನಾನೇ ಕಟ್ತೇನೆ. ಆಗದಿದ್ದರೆ ಭಾನುವಾರ ಮನೆಯಲ್ಲಿ ಕೂತು ಎಲೆ ಕತ್ತರಿಸು."

ಬೀಡಿಯ ಕೆಲಸದಲ್ಲಿ ಎಲೆ ಕತ್ತರಿಸುವಷ್ಟು ಬೇಸರದ್ದು ಬೇರೆ ಇಲ್ಲ. ಅಚ್ಚು ಇಡು, ಕತ್ತರಿಸು, ಅಚ್ಚು ಇಡು, ಕತ್ತರಿಸು. ಹೆಬ್ಬೆರಳಿನಲ್ಲಿ ಕತ್ತರಿಯ ಗುಳ್ಳೆ. ನಾನು ಆ ವಾರವಿಡೀ ಗೋಡೆಯ ಪೋಸ್ಟರುಗಳನ್ನು ನೋಡುತ್ತಾ, ಎಲ್ಲಕ್ಕಿಂತ ದೊಡ್ಡ ಹಲ್ಲು ಯಾವುದರಲ್ಲಿ ಉಂಟು ಎಂದು ಹುಡುಕಿದೆ.

ಹುಡುಕಿದ ಸಿನಿಮಾಕ್ಕೆ ಟಿಕೆಟ್ ಸಿಗಲಿಲ್ಲ. ಹೌಸ್‌ಫುಲ್. ಬಂದ ಕಾಲಿಗೆ ಹಿಂದೆ ಹೋಗಬಾರದೆಂದು ಪಕ್ಕದ ಟಾಕೀಸಿನಲ್ಲಿ ನಡೆಯುತ್ತಿದ್ದ ಒಂದಕ್ಕೆ ಹೊಕ್ಕೆ. ಕಪ್ಪು ಬಿಳುಪಿನದು, ಹಿಂದಿಯದೇ. ಲೇಡೀಸ್ ಬೆಂಚಿನಲ್ಲಿ ಅರ್ಧ ಜನವೂ ಇರಲಿಲ್ಲ. ಹಲ್ಲಿಲ್ಲ, ಬಿಳಿ ಸೀರೆಯಿಲ್ಲ, ಮಂಜೂ ಇಲ್ಲ. ಯುದ್ಧಕ್ಕೆ ಹೋದ ಒಬ್ಬ ಮಗ. ಅವನು ಸತ್ತದ್ದು ನೋಡುವ ನಮಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಅವನು ಮನೆಗೆ ಬರುತ್ತಾನೆ. ಯಾರಿಗೂ ಕಾಣುವುದಿಲ್ಲ. ಊಟದ ಹೊತ್ತು, ಎಲ್ಲರೂ ನೆಲದಲ್ಲಿ ಸಾಲಾಗಿ ಕೂತಿದ್ದಾರೆ. ಅವನೂ ಬಂದು ಕೊನೆಯಲ್ಲಿ ಕೂರುತ್ತಾನೆ. ತಾಯಿ ಬಡಿಸುತ್ತಾ ಬರುತ್ತಾಳೆ. ಅಷ್ಟೇ. ನನ್ನ ನೆಲಗಡಲೆ ಮುಗಿದಿತ್ತು, ಸಿನಿಮಾ ಮುಗಿದಿರಲಿಲ್ಲ. ನನಗೆ ಅಳು ಬಂದದ್ದು ಅವನಿಗಾಗಿ ಅಲ್ಲ, ಬರುವ ಭಾನುವಾರಗಳಿಗಾಗಿ.

ಸೋಮವಾರ ಹೇಳಲೇಬೇಕಿತ್ತು. ಮಸಾಲೆ ಹಾಕಲು ಏನೂ ಇಲ್ಲದ್ದರಿಂದ ಇದ್ದ ಹಾಗೆಯೇ ಹೇಳಿದೆ. ಸಿನಿಮಾದಲ್ಲಿದ್ದದ್ದು ಹಿತ್ತಾಳೆಯ ತಟ್ಟೆ. ನಾನು ಬಾಳೆಲೆ ಎಂದೆ, ಅಷ್ಟೇ ವ್ಯತ್ಯಾಸ.

"ಎಲ್ಲರಿಗೂ ಎಲೆ ಹಾಕಿದ್ದಾರೆ. ಅವನು ಕೊನೆಯಲ್ಲಿ ಕೂತಿದ್ದಾನೆ. ಅವನ ಎದುರು ಎಲೆ ಇಲ್ಲ. ತಾಯಿ ಅನ್ನ ಹಿಡಿದುಕೊಂಡು ಬಂದಳು. ಬಡಿಸಿದಳು, ಬಡಿಸಿದಳು, ಅವನ ಹತ್ತಿರದವನ ತನಕ ಬಂದಳು. ತಿರುಗಿ ಒಳಗೆ ಹೋದಳು. ಅವನು ನೆಲ ನೋಡ್ತಾ ಕೂತ."

ಹೆಂಗಸರು ಆಕಳಿಸಿದರು. "ಆಮೇಲೆ?" ಎಂದರು ಬೇಲಿಯ ಅಕ್ಕ. ನಾನು ಮಾಮಿಯ ಕಡೆ ನೋಡಿದೆ. ಮಾಮಿಯ ಕೈಯಲ್ಲಿ ಅರ್ಧ ಸುತ್ತಿದ ಬೀಡಿ ಇತ್ತು. ಕೈ ನಿಂತಿತ್ತು.

"ಎಲೆ ಹಾಕಲೇ ಇಲ್ಲವಾ?" ಎಂದರು.

"ಇಲ್ಲ ಮಾಮಿ."

"ಮರುದಿನ?"

"ಮರುದಿನವೂ ಬಂದು ಕೂತ."

ಮಾಮಿ ಆ ಬೀಡಿಯನ್ನು ಸುತ್ತಿ ಮುಗಿಸಿದರು. ಸಂಜೆ ಬ್ರಾಂಚಿಗೆ ಹೋದದ್ದು ನಾನು. ಚೆಕ್ಕರ್ ಎಂದಿನಂತೆ ಮಾಮಿಯ ಕಟ್ಟನ್ನು ಬಿಚ್ಚದೆ ಬದಿಗಿಡಲು ಹೋಗಿ, ಕೈಯಲ್ಲಿ ಏನೋ ಹತ್ತಿದಂತಾಗಿ ನಿಲ್ಲಿಸಿದ. ಬಿಚ್ಚಿದ. ಒಂದನ್ನು ಒತ್ತಿ ನೋಡಿದ, ಇನ್ನೊಂದನ್ನು ಒತ್ತಿದ. ಎರಡೂ ಮೊಳೆ.

"ನಿಮ್ಮ ಅತ್ತೆಗೆ ಹುಷಾರಿಲ್ಲವಾ?" ಎಂದು ಕೇಳಿದ.

ಮಾಮಿಯ ಬೀಡಿ ಬುಟ್ಟಿಗೆ ಬಿದ್ದ ಸದ್ದು ನನಗೆ ಬ್ಯಾಂಡಿನ ಹಾಗೆ ಕೇಳಿಸಿತು. ನಾನು ಗೆದ್ದಿದ್ದೆ. ಮನೆಗೆ ಬಂದು ಮುಖ ಸಣ್ಣ ಮಾಡಿಕೊಂಡು ವಿಷಯ ಹೇಳಿದೆ. ಮಾಮಿ, "ಹೂಂ. ಭಾನುವಾರ ನಾನೂ ಬರ್ತೇನೆ. ನೀನು ಸುಳ್ಳು ಹೇಳಿದ್ದೋ ನೋಡಬೇಕು" ಎಂದರು.

ಅದು ಮಾಮಿ ಟಾಕೀಸಿಗೆ ಬಂದ ಮೊದಲ ಸಲ. ಒಳಗೆ ಹೊಕ್ಕವರೇ ಚಪ್ಪಲಿ ಎಲ್ಲಿ ಬಿಡುವುದು ಎಂದು ಕೇಳಿದರು. ಬೆಂಚಿನಲ್ಲಿ ಎಲೆಯಡಿಕೆಯ ಚೀಲ ಮಡಿಲಲ್ಲಿಟ್ಟು ನೆಟ್ಟಗೆ ಕೂತರು. ಮೊದಲ ಹಾಡಿಗೆ, "ಇವಳಿಗೆ ಕೆಲಸ ಇಲ್ಲವಾ?" ಎಂದರು. ಊಟದ ಸಾಲು ಬಂತು. ಮಗ ಬಂದು ಕೊನೆಯಲ್ಲಿ ಕೂತ. ತಾಯಿ ಬಡಿಸುತ್ತಾ ಬಂದಳು. ಮಾಮಿಯ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು, ಬೀಡಿ ಹಿಡಿದ ಹಾಗೆ. ತಾಯಿ ಅವನ ಹತ್ತಿರದವನ ತನಕ ಬಂದಳು.

ಅಷ್ಟರಲ್ಲಿ ರೀಲು ಕಡಿಯಿತು.

ಆ ಕಾಲದಲ್ಲಿ ಅದೇನೂ ಹೊಸತಲ್ಲ. ಪರದೆ ಬೆಳ್ಳಗಾಯಿತು, ಲೈಟು ಹತ್ತಿತು, ಗಂಡಸರ ಕಡೆಯಿಂದ ಶಿಳ್ಳೆ. ನಾನು ನೆಲಗಡಲೆಯ ಸಿಪ್ಪೆ ಕೊಡವುತ್ತಿದ್ದೆ. ಮಾಮಿ ಎದ್ದು ನಿಂತರು.

"ಸಿನಿಮಾ ನಿಲ್ಲಿಸಿದ ನೋಡು. ಇನ್ನು ಬಡಿಸದೆ ಹೋಗುವುದಿಲ್ಲ ಅವನು!"

"ಮಾಮಿ, ರೀಲು ಕಡಿದದ್ದು. ಮೇಲೆ ಅಂಟಿಸ್ತಾರೆ."

"ನೀನು ಸುಮ್ಮನಿರು. ಅಷ್ಟು ಹೊತ್ತಿನಿಂದ ಕೂತಿದ್ದಾನೆ. ಯಾರಿಗೂ ಕಣ್ಣಿಲ್ಲವಾ ಈ ಮನೆಯಲ್ಲಿ?"

ನನ್ನ ಕೈಯಲ್ಲಿದ್ದ ಪೊಟ್ಟಣ ಕಸಿದುಕೊಂಡು ಸೀದಾ ಮುಂದೆ ಹೋದರು. ಪರದೆಯ ಕೆಳಗೆ ಸಿಮೆಂಟಿನ ಒಂದು ಕಟ್ಟೆ ಇತ್ತು. ಚೀಲದಿಂದ ವೀಳ್ಯದೆಲೆ ತೆಗೆದು, ಸೀರೆಯಲ್ಲಿ ಒರಸಿ, ಕಟ್ಟೆಯ ಮೇಲೆ ಹಾಕಿ, ಅದರ ಮೇಲೆ ನನ್ನ ನೆಲಗಡಲೆ ಇಟ್ಟರು. ಕೈ ಮುಗಿದು, "ಇದ್ದದ್ದು ಇಷ್ಟು. ತಿಂದುಕೊಂಡು ಹೋಗು ಮಗಾ" ಎಂದರು. ಗಂಡಸರ ಕಡೆಯಿಂದ ಒಬ್ಬ, "ಅಜ್ಜೀ, ನನಗೂ ಒಂದು ಎಲೆ!" ಎಂದು ಕೂಗಿದ. ಮಾಮಿ ತಿರುಗಿ, "ನೀನು ಸತ್ತು ಬಾ, ಹಾಕ್ತೇನೆ" ಎಂದರು. ಟಾಕೀಸಿಗೆ ಟಾಕೀಸೇ ನಕ್ಕಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಮಾಮಿ ಬಂದು ಕೂತದ್ದೂ ಲೈಟು ಹೋದದ್ದೂ ಒಟ್ಟಿಗೇ. ಸಿನಿಮಾ ಹೊರಟಿತು. ಅಂಟಿಸುವಾಗ ಸ್ವಲ್ಪ ರೀಲು ಹೋಗಿತ್ತೋ ಏನೋ, ಊಟದ ಸಾಲು ಇಲ್ಲ, ಮಗನೂ ಇಲ್ಲ, ಹೊಸ ಸೀನು. ನನ್ನ ಆಚೆ ಕೂತಿದ್ದ ಹೆಂಗಸು ಮೆಲ್ಲಗೆ ಮಾಮಿಗೆ ಕೈ ಮುಗಿದಳು. ಹಲ್ಲಿನ ದೊರೆಸಾನಿಗೂ ಹೆದರದ ನಾನು ಆಗ ಬೆಂಚಿನ ಮೇಲೆ ಕಾಲೆತ್ತಿ ಕೂತದ್ದು ಸತ್ಯ.

ನಡೆದು ಹಿಂದೆ ಬರುವಾಗ ಕಂಕನಾಡಿ ದಾಟಿದ ಮೇಲೆ ಮಾಮಿ ಹೇಳಿದರು. ಮಾಮಿಯ ತಮ್ಮನೊಬ್ಬ ಬಂದರಿನಿಂದ ಮಂಜಿ ಹತ್ತಿ ಹೋದವನು. ಸರಕು ಹೊತ್ತು ಹೋಗುವ ಹಾಯಿಹಡಗು ಅದು. ಹಡಗೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ನಾವು ಸತ್ತವರಿಗೆಲ್ಲ ಎಲೆ ಹಾಕಿ, ಕೋಳಿ ಪದಾರ್ಥ ಬಡಿಸಿ, ಅವರು ತಿನ್ನಲೆಂದು ಸ್ವಲ್ಪ ಹೊತ್ತು ಬಾಗಿಲು ಹಾಕಿ ಹೊರಗೆ ಕೂರುತ್ತೇವೆ. ಆ ತಮ್ಮನಿಗೆ ಮಾತ್ರ ಎಲೆ ಇರಲಿಲ್ಲ.

"ಬದುಕಿದ್ದವನಿಗೆ ಬಡಿಸಿದರೆ ಅವನ ಆಯುಷ್ಯ ಹೋಗ್ತದೆ. ಸತ್ತವನಿಗೆ ಬಡಿಸದಿದ್ದರೆ ಹಸಿವೆ. ನಾನು ಎಂತ ಮಾಡುವುದು? ನೀನು ಹೇಳಿದ ದಿನದಿಂದ ಬಾಗಿಲು ಹಾಕಿದರೂ ಅವನು ಒಳಗೇ ಕೂತ ಹಾಗೆ ಆಗ್ತದೆ ನನಗೆ."

"ಹೆದರಿಕೆ ಆಯ್ತಲ್ಲ ಮಾಮಿ?" ಎಂದೆ. ಸಮಾಧಾನ ಹೇಳಬೇಕಿತ್ತು, ಆದರೆ ನನಗೆ ನನ್ನ ಭಾನುವಾರದ ಚಿಂತೆ.

"ಆಯ್ತು ಮಾರಾಯ್ತಿ, ಆಯ್ತು. ಹೋಗು ಪ್ರತಿ ವಾರ."

ಆ ಆಟಿಯಲ್ಲಿ ಮಾಮಿ ಒಂದು ಎಲೆ ಹೆಚ್ಚು ತಂದರು. ಒಳಗಿನ ಸಾಲಿನಲ್ಲಿ ಹಾಕಲಿಲ್ಲ, ಹೊರಗಿನ ಮೆಟ್ಟಿಲಿನ ಮೇಲೆ ಹಾಕಿ ಬಡಿಸಿದರು. "ಸತ್ತಿದ್ದರೆ ಬಂದು ತಿನ್ನಲಿ. ಬದುಕಿದ್ದರೆ ಕಾಗೆ ತಿನ್ನಲಿ, ಆಯುಷ್ಯಕ್ಕೆ ತೊಂದರೆ ಇಲ್ಲ." ಕಾಗೆಯೇ ತಿಂದಿತು. ಮಾಮಿಯ ಬೀಡಿ ಪುನಃ ಹದಕ್ಕೆ ಬಂತು.

ಆದರೆ ಭಾನುವಾರದ ಕತೆ ನಾನು ಎಣಿಸಿದ ಹಾಗೆ ಆಗಲಿಲ್ಲ. ಆ ಸಿನಿಮಾದ ಮುಂದಿನ ವಾರವೇ ನಾನು ಹೊರಡುವಾಗ ಮಾಮಿ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದರು.

"ಮಾಮಿ, ನೀವು ನನ್ನ ಪಾಲು ಕಟ್ತೇನೆ ಅಂದದ್ದಲ್ಲವಾ?"

"ಈ ವಾರ ನಾನು ಹೋಗ್ತೇನೆ. ನೀನು ಕಟ್ಟು. ನಾಳೆ ನಾನೇ ಹೇಳ್ತೇನೆ, ಎಂತ ಮಹಾ."

ಸೋಮವಾರ ಎಲ್ಲರೂ ಗೆರಸೆ ಹಿಡಿದು ಕೂತರು. ಮಾಮಿ ಹೇಳಿದರು: "ಒಬ್ಬ ಗಂಡ, ಒಬ್ಬಳು ಹೆಂಡತಿ. ಹೆಂಡತಿ ಸತ್ತಳು. ಗಂಡ ಬೇರೆ ಮದುವೆಯಾದ. ಇವಳು ಬಂದಳು. ಬರದೆ ಮತ್ತೆ?" ಅಷ್ಟೇ. ಸಿನಿಮಾ ಮುಗಿಯಿತು. ಒಬ್ಬಳ ಬೀಡಿಗೂ ಇನ್ನೂ ನೂಲು ಬಿದ್ದಿರಲಿಲ್ಲ.

ಬೇಲಿಯ ಅಕ್ಕನಿಗೆ ಸಿಟ್ಟು ಬಂತು. "ಎಂತ ಇದು! ಹಾಡು ಎಲ್ಲಿ? ಬಾಗಿಲಿನ ಸದ್ದು ಎಲ್ಲಿ? ಇದಕ್ಕೆ ನಾನು ಬೀಡಿ ಕಟ್ಟಬೇಕಾ? ಸೊಸೆಯನ್ನು ಕಳುಹಿಸಿ ಮಾರಾಯ್ರೆ!"

"ನನಗೂ ಹೋಗಬೇಕು," ಎಂದರು ಮಾಮಿ.

"ಹಾಗಾದರೆ ಇಬ್ಬರೂ ಸಾಯಿರಿ. ಒಬ್ಬಳು ಹೆದರಲಿಕ್ಕೆ, ಒಬ್ಬಳು ಹೇಳಲಿಕ್ಕೆ. ನಾವು ಕಟ್ಟಲಿಕ್ಕೆ."

ಹಾಗೆಯೇ ಆಯಿತು. ಮಾಮಿಯ ಕಾಲು ಗಟ್ಟಿ ಇರುವ ತನಕ ನಾವಿಬ್ಬರೂ ಒಟ್ಟಿಗೆ ಹೋದೆವು. ಹಲ್ಲಿನದ್ದು, ಹಾಡಿನದ್ದು, ಏನೂ ಇಲ್ಲದ್ದು, ಎಲ್ಲ ನೋಡಿದೆವು. ಯಾರಿಗೂ ನೀರು ಕೊಡಬೇಕಾಗಿಲ್ಲ ಎಂದಿದ್ದೆನಲ್ಲ, ಇಂಟರ್‌ವಲ್ಲಿನಲ್ಲಿ ಮಾಮಿಗೆ ಸೋಡಾ ತಂದುಕೊಡಬೇಕಿತ್ತು. ಅದೇ ಟಾಕೀಸಿಗೆ ಪುನಃ ಹೋದಾಗ ಪರದೆಯ ಕೆಳಗಿನ ಕಟ್ಟೆಯಲ್ಲಿ ಎರಡು ಮೂರು ವೀಳ್ಯದೆಲೆ, ಅದರ ಮೇಲೆ ನೆಲಗಡಲೆ ಇತ್ತು. ನಾವು ಇಟ್ಟದ್ದಲ್ಲ. ಗೇಟಿನವನು ಹೆಂಗಸರನ್ನೆಲ್ಲ ನೋಡಿ ಗೊಣಗುತ್ತಿದ್ದ: "ಇದು ಟಾಕೀಸಾ, ದೈವಸ್ಥಾನವಾ?" ಮಾಮಿ ಏನೂ ಗೊತ್ತಿಲ್ಲದವರ ಹಾಗೆ ಕೂತರು.

ಈಗ ಆಟಿಯಲ್ಲಿ ಮಾಮಿಗೂ ಎಲೆ ಹಾಕುತ್ತೇವೆ. ಕೋಳಿ ಪದಾರ್ಥದ ಪಕ್ಕದಲ್ಲಿ ನಾನು ಒಂದು ಮುಷ್ಟಿ ಹುರಿದ ನೆಲಗಡಲೆ ಇಡುತ್ತೇನೆ. ಬಾಗಿಲು ಹಾಕಿ, ಹೊರಗೆ ಕೂತು, ಪ್ರತಿ ವರ್ಷ ಒಂದೇ ಮಾತು ಹೇಳುತ್ತೇನೆ:

"ಮಾಮಿ, ನನ್ನ ಪಾಲಿನ ಬೀಡಿ ನೀವು ಒಂದು ದಿನವೂ ಕಟ್ಟಲಿಲ್ಲ. ಬರುವುದಾದರೆ ಗೆರಸೆ ಹಿಡಿದುಕೊಂಡೇ ಬನ್ನಿ."